ಅಮ್ಮ ತೀರಿಕೊಂಡು ಹತ್ತು ವರ್ಷ, ನಾಮಿನಿ ಮಾತ್ರ ಅವಳೇ: ಮ್ಯೂಚುವಲ್ ಫಂಡ್ ನಾಮಿನಿ ಬದಲಾವಣೆಯ ಸೇವೆ ಹೇಗಿದೆ?

ಮೂವತ್ತೊಂದು ವರ್ಷ ಅಂಚೆ ಇಲಾಖೆಯಲ್ಲಿ ದುಡಿದವನು ನಾನು. ಹೆಚ್ಚಿನ ಕಾಲ ಕಳೆದದ್ದು ಕೌಂಟರಿನ ಹಿಂದೆ. ಆರ್.ಡಿ. ಖಾತೆ ತೆರೆಯಲು ಬಂದವರು ನಾಮಿನಿಯ ಕಾಲಂ ಖಾಲಿ ಬಿಟ್ಟರೆ ಅರ್ಜಿಯನ್ನು ಕಿಂಡಿಯಿಂದ ಹಿಂದಕ್ಕೆ ತಳ್ಳುತ್ತಿದ್ದೆ. "ನಾಳೆ ನಿಮಗೇನಾದರೂ ಆದರೆ ಈ ಹಣ ಕೊಡಲು ನಾನು ಯಾರನ್ನು ಹುಡುಕಿಕೊಂಡು ಹೋಗಲಿ?" ಎಂದು ಮುಖಕ್ಕೆ ಹೊಡೆದ ಹಾಗೆ ಕೇಳುತ್ತಿದ್ದೆ. ಕೇರಳದ ಕಾಸರಗೋಡಿನ ನಮ್ಮ ಪೆರ್ಲದ ಸುತ್ತಮುತ್ತ ನನ್ನ ಈ ಒರಟುತನ ಗೊತ್ತಿಲ್ಲದವರು ಕಡಿಮೆ. ಅಂಥವನ ಸ್ವಂತ ಮ್ಯೂಚುವಲ್ ಫಂಡಿನಲ್ಲಿ, 2015ರಲ್ಲಿ ತೀರಿಕೊಂಡ ಅಮ್ಮ ಇವತ್ತಿಗೂ ನಾಮಿನಿಯಾಗಿದ್ದಳು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನೆಲ್ಲ ಆ ಲೆಕ್ಕದಲ್ಲಿಯೇ ಓದಿಕೊಳ್ಳಿ.

2009ರಲ್ಲಿ ಏಜೆಂಟರೊಬ್ಬರು ಮನೆಗೆ ಬಂದಿದ್ದರು. ತಿಂಗಳಿಗೆ ಸಾವಿರ ರೂಪಾಯಿಯ ಎಸ್‌ಐಪಿ, ಅಂದರೆ ತಿಂಗಳು ತಿಂಗಳೂ ಫಂಡಿಗೆ ಹಾಕುವ ಕಂತು. ಫಾರಂ ಅವರೇ ತುಂಬಿದರು, ನಾನು ಸಹಿ ಹಾಕಿದೆ. "ನಾಮಿನಿ ಯಾರೆಂದು ಬರೆಯಲಿ?" ಎಂದು ಕೇಳಿದಾಗ ಎದುರಿನ ಜಗಲಿಯಲ್ಲಿ ಅಮ್ಮ ವೀಳ್ಯದೆಲೆಯ ತೊಟ್ಟು ಮುರಿಯುತ್ತಾ ಕುಳಿತಿದ್ದಳು. ಅವಳ ಹೆಸರನ್ನೇ ಹೇಳಿದೆ. ಯೋಚಿಸಿದ್ದು ಅಷ್ಟೇ. ಹೆಂಡತಿ ಒಳಗೆ ಚಹಾ ಮಾಡುತ್ತಿದ್ದಳು. ಎದುರಿಗೆ ಅವಳಿದ್ದಿದ್ದರೆ ಅವಳ ಹೆಸರು ಬೀಳುತ್ತಿತ್ತೋ ಏನೋ.

ಈಗ ನೆನಪಾದದ್ದಕ್ಕೆ ಒಂದು ಕಾರಣವಿದೆ. ನನ್ನ ಜೊತೆ ಕೆಲಸ ಮಾಡಿದವರೊಬ್ಬರು ನಾಮಿನಿಯನ್ನೇ ಬರೆಯದೆ ತೀರಿಕೊಂಡರು. ಅವರ ಮನೆಯವರು ವಾರಸುದಾರಿಕೆ ಪ್ರಮಾಣಪತ್ರಕ್ಕಾಗಿ ವಿಲೇಜ್ ಆಫೀಸು, ತಾಲ್ಲೂಕು ಕಚೇರಿ ಎಂದು ಓಡಾಡಿ, ಗೆಜೆಟ್‌ನಲ್ಲಿ ಪ್ರಕಟವಾಗಿ, ಯಾರ ಆಕ್ಷೇಪಣೆಯೂ ಬಾರದಿರಲಿ ಎಂದು ಕಾಯುತ್ತಾ ಕುಳಿತಿದ್ದರು. ಮಾತನಾಡಿಸಿಕೊಂಡು ಮನೆಗೆ ಬಂದವನೇ ಕಬ್ಬಿಣದ ಪೆಟ್ಟಿಗೆ ತೆರೆದೆ.

ಇದು ಆ ಕೆಲಸದಲ್ಲಿ ನಾನು ಕಂಡ ಮೂರು ಸೇವೆಗಳ ವಿಮರ್ಶೆ: ಏಜೆಂಟರದ್ದು, ಮಂಗಳೂರಿನ ಕೌಂಟರಿನದ್ದು, ಜಾಲತಾಣದ್ದು. ಮೊದಲ ಎರಡರ ಹೆಸರು ಬರೆಯುವುದಿಲ್ಲ.

ಮೊದಲು ಏಜೆಂಟರು. ಫೋನ್ ಮಾಡಿ ನಾಮಿನಿ ಬದಲಿಸಬೇಕು ಎಂದೆ. "ಅದೆಲ್ಲ ದೊಡ್ಡ ರಗಳೆ ಸರ್. ಇದ್ದದ್ದನ್ನು ಮಾರಿ ಹೊಸ ಫಂಡಿನಲ್ಲಿ ಹಾಕೋಣ, ಆಗ ನಾಮಿನಿಯೂ ಹೊಸತಾಗುತ್ತದೆ" ಎಂದರು. ನಾಮಿನಿ ಬದಲಿಸಲು ಫಂಡಿನ ಒಂದು ಪಾಲನ್ನೂ (ಯೂನಿಟ್) ಮಾರಬೇಕಾಗಿಲ್ಲ. ಮಾರಿದರೆ ಲಾಭದ ಮೇಲೆ ತೆರಿಗೆಯ ಪ್ರಶ್ನೆ ಬರುತ್ತದೆ, ಹೊಸದಾಗಿ ಹಾಕಿದರೆ ಅವರ ಕಮಿಷನ್ ಮುಂದುವರಿಯುತ್ತದೆ. ಹೆಸರು ಬದಲಿಸಲು ಪಾಸ್ ಪುಸ್ತಕವನ್ನೇ ಸುಟ್ಟುಹಾಕಿ ಎಂದು ನಾನು ಯಾರಿಗಾದರೂ ಹೇಳಿದ್ದಿದ್ದರೆ ಇಲಾಖೆ ನನ್ನನ್ನು ಅಂದೇ ಮನೆಗೆ ಕಳುಹಿಸುತ್ತಿತ್ತು. ಈ ಕೆಲಸಕ್ಕೆ ಏಜೆಂಟರ ಸಹಿ, ಒಪ್ಪಿಗೆ ಯಾವುದೂ ಬೇಡ, ಶುಲ್ಕವೂ ಇಲ್ಲ. ನಮ್ಮ ಇಲಾಖೆಯಲ್ಲಿ ಪಿಪಿಎಫ್ ಖಾತೆಯ ನಾಮಿನಿ ಬದಲಿಸಲು 50 ರೂಪಾಯಿ ತೆಗೆದುಕೊಳ್ಳುತ್ತಿದ್ದೆವು. ಅದನ್ನೂ 2025ರ ಏಪ್ರಿಲ್‌ನಲ್ಲಿ ಸರ್ಕಾರ ತೆಗೆದುಹಾಕಿದೆ.

ಮಸ್ಕತ್‌ನಲ್ಲಿರುವ ದೊಡ್ಡ ಮಗಳು ಒಂದು ದಾರಿ ಹೇಳಿಕೊಟ್ಟಳು. ಎಲ್ಲ ಫಂಡ್‌ಗಳ ಲೆಕ್ಕವನ್ನೂ ಒಟ್ಟಿಗೆ ತೋರಿಸುವ ಒಂದು ವಿವರಪಟ್ಟಿ ಇಮೇಲ್ ಮೂಲಕ ಸಿಗುತ್ತದೆ, ಪ್ರತಿಯೊಂದು ಫೋಲಿಯೊದ (ಒಂದು ಫಂಡ್ ಕಂಪನಿಯಲ್ಲಿ ನಮ್ಮ ಹೆಸರಿನಲ್ಲಿರುವ ಖಾತೆ) ಕೆಳಗೂ ನಾಮಿನಿಯ ಹೆಸರು ಇರುತ್ತದೆ. ತರಿಸಿದೆ. ಕೇರಳ ಸರ್ಕಾರದ ಆನ್‌ಲೈನ್ ಸೇವೆಗಳ ಅಕ್ಷಯ ಕೇಂದ್ರದಲ್ಲಿ ಮುದ್ರಿಸಿ ತಂದು, ಕೆಂಪು ಪೆನ್ನು ಹಿಡಿದು ಕುಳಿತೆ. ನಾಲ್ಕು ಫೋಲಿಯೊಗಳಿದ್ದವು. ಮೂರರಲ್ಲಿ ಹೆಂಡತಿ, ಒಂದರಲ್ಲಿ ಅಮ್ಮ.

ಆದರೆ ಪೆಟ್ಟಿಗೆಯಲ್ಲಿದ್ದ ಹಳೆಯ ಕಾಗದಗಳ ಪ್ರಕಾರ ನನ್ನದು ಆರು ಫೋಲಿಯೊ. ಉಳಿದೆರಡು ಎಲ್ಲಿ ಹೋದವು?

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲಿಯೇ. ಆ ವಿವರಪಟ್ಟಿ ಹುಡುಕುವುದು ನಾವು ಕೊಟ್ಟ ಇಮೇಲ್ ಯಾವ ಯಾವ ಫೋಲಿಯೊಗಳಲ್ಲಿ ದಾಖಲಾಗಿದೆಯೋ ಅವುಗಳನ್ನು. ಕಾಣದ ಎರಡರಲ್ಲಿ ದಾಖಲಾಗಿದ್ದ ಇಮೇಲ್ ಏಜೆಂಟರದ್ದು. ಮೊಬೈಲ್ ಸಂಖ್ಯೆಯೂ ಅವರದ್ದೇ! 2009ರಲ್ಲಿ ನನಗೆ ಇಮೇಲ್ ಇರಲಿಲ್ಲ, ಮೊಬೈಲಿಗೆ ನಮ್ಮ ಮನೆಯಲ್ಲಿ ರೇಂಜ್ ಇರಲಿಲ್ಲ. ಆ ಖಾಲಿ ಜಾಗದಲ್ಲಿ ಅವರು ತಮ್ಮದನ್ನು ಬರೆದುಕೊಂಡಿದ್ದರು. ಹದಿನೈದು ವರ್ಷ ನನ್ನ ಹಣದ ಸಂದೇಶಗಳೆಲ್ಲ ಇನ್ನೊಬ್ಬರ ಜೇಬಿಗೆ ಬರುತ್ತಿದ್ದವು. ಕೆಟ್ಟ ಉದ್ದೇಶ ಇತ್ತೆಂದು ನಾನು ಹೇಳುವುದಿಲ್ಲ, ಸೋಮಾರಿತನವೇ ಇರಬಹುದು. ಆದರೂ ಅವರಿಗೆ ಐದರಲ್ಲಿ ಸೊನ್ನೆ.

ಒಟಿಪಿ ಬರುವುದು ಏಜೆಂಟರ ಮೊಬೈಲಿಗೆ ಎಂದಾದರೆ ಆ ಎರಡು ಫೋಲಿಯೊಗಳಿಗೆ ಮನೆಯಲ್ಲಿ ಕುಳಿತು ನಾಮಿನಿ ಬದಲಿಸುವ ಮಾತೇ ಇಲ್ಲ. ಮೊದಲು ಮೊಬೈಲ್ ಮತ್ತು ಇಮೇಲ್ ನನ್ನದಾಗಬೇಕು, ಅದಕ್ಕೆ ಕಾಗದದ ಅರ್ಜಿ ಕೊಡಬೇಕು. ಫಂಡ್ ಕಂಪನಿಗಳು ಹೂಡಿಕೆದಾರರ ದಫ್ತರವನ್ನು ತಾವೇ ಇಟ್ಟುಕೊಳ್ಳುವುದಿಲ್ಲ, ನೋಂದಣಿ ಸಂಸ್ಥೆಗಳಿಗೆ ವಹಿಸಿರುತ್ತವೆ. ದೇಶದ ಬಹುಪಾಲು ಫಂಡ್‌ಗಳ ದಫ್ತರ ಇರುವುದು ಅಂಥ ಎರಡೇ ಸಂಸ್ಥೆಗಳ ಕೈಯಲ್ಲಿ. ನನ್ನ ಪುಣ್ಯಕ್ಕೆ ಎರಡೂ ಫೋಲಿಯೊ ಒಂದೇ ಸಂಸ್ಥೆಯವು, ಅದರ ಸೇವಾ ಕೇಂದ್ರ ಮಂಗಳೂರಿನಲ್ಲಿತ್ತು.

ಪೆರ್ಲದಿಂದ ಬಸ್ಸು ಹತ್ತಿ, ಅಡ್ಕಸ್ಥಳದಲ್ಲಿ ಗಡಿ ದಾಟಿ, ವಿಟ್ಲದ ದಾರಿಯಾಗಿ ಹೋದೆ. ಕಲ್ಲಡ್ಕದಲ್ಲಿ ಇಳಿದು ಅಲ್ಲಿನ ಹೆಸರಾಂತ ಚಹಾ ಕೆ.ಟಿ. ಕುಡಿಯದೆ ಮುಂದೆ ಹೋದ ದಾಖಲೆ ನನ್ನ ಜೀವನದಲ್ಲಿಲ್ಲ, ಅಂದೂ ಮುರಿಯಲಿಲ್ಲ. ಕೇಂದ್ರ ತಲುಪಿದಾಗ ಹನ್ನೊಂದೂವರೆ. ಟೋಕನ್ ಯಂತ್ರದ ಮೇಲೆ 'ಕೆಟ್ಟಿದೆ' ಎಂಬ ಚೀಟಿ. ಕುರ್ಚಿಗಳು ಐದು, ಜನ ಹದಿನಾಲ್ಕು. ಕೌಂಟರಿನಲ್ಲಿ ಇದ್ದವಳು ನನ್ನ ಕಿರಿಯ ಮಗಳ ವಯಸ್ಸಿನ ಹುಡುಗಿ. ನನ್ನ ಅರ್ಜಿ ನೋಡಿದಳು, ಪರದೆ ನೋಡಿದಳು, ಮತ್ತೆ ಅರ್ಜಿ ನೋಡಿದಳು. ಆ ಮೌನದ ಅರ್ಥ ನನಗೆ ಚೆನ್ನಾಗಿ ಗೊತ್ತು. ಮೂವತ್ತೊಂದು ವರ್ಷ ನಾನೇ ಆ ಮೌನವನ್ನು ಬೇರೆಯವರ ಮೇಲೆ ಪ್ರಯೋಗಿಸಿದ್ದೇನೆ.

"ಸರ್, ಸಹಿ ಹೊಂದಾಣಿಕೆ ಆಗುತ್ತಿಲ್ಲ."

ನನ್ನ ಸಹಿ ಕನ್ನಡದಲ್ಲಿದೆ. ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದಳು. 2009ರ ಸಹಿಯಲ್ಲಿ ಕೊನೆಯ ಅಕ್ಷರದ ಬಾಲ ಕೆಳಗಿಳಿದು, ಎಡಕ್ಕೆ ಹೊರಳಿ, ಇಡೀ ಹೆಸರಿನ ಅಡಿಗೆ ಗೆರೆ ಎಳೆದುಕೊಂಡು ಹೋಗಿ ಎರಡು ಚುಕ್ಕಿ ಇಟ್ಟು ನಿಂತಿತ್ತು. ಕೈಯಲ್ಲಿ ಶಕ್ತಿ ಇದ್ದವನ ಸಹಿ ಅದು. ಈಗಿನದರಲ್ಲಿ ಬಾಲ ಕೆಳಗಿಳಿಯುತ್ತದೆ, ಎಡಕ್ಕೆ ಒಂದಂಗುಲ ಹೋಗುತ್ತದೆ, ಅಲ್ಲಿಗೆ ಮುಗಿಯಿತು. ಹೆಬ್ಬೆರಳಿನ ಕೀಲು ಹಿಡಿಯಲು ಶುರುವಾದ ಮೇಲೆ ಚುಕ್ಕಿಗಳು ಬಿದ್ದುಹೋಗಿವೆ, ಯಾವಾಗ ಎಂದು ನನಗೇ ಗೊತ್ತಿಲ್ಲ. ಎಷ್ಟು ಮುದುಕರ ಹಣ ಹಿಂಪಡೆಯುವ ಫಾರಂಗಳನ್ನು ಇದೇ ಕಾರಣಕ್ಕೆ ನಾನು ಹಿಂದಿರುಗಿಸಿದ್ದೆನೋ! ಅವರೆಲ್ಲ ಆ ಹದಿನಾಲ್ಕು ಜನರ ನಡುವೆ ನಿಂತು ನನ್ನನ್ನು ನೋಡುತ್ತಿರುವಂತೆ ಅನ್ನಿಸಿತು.

ಬ್ಯಾಂಕ್ ಮ್ಯಾನೇಜರರಿಂದ ಹೊಸ ಸಹಿಯನ್ನು ದೃಢೀಕರಿಸಿ ತಂದರೆ ಸಾಕು ಎಂದಳು. ಹಿಂದಿನ ದಿನ ಫೋನ್ ಮಾಡಿ ಏನೇನು ತರಬೇಕೆಂದು ಕೇಳಿದಾಗ ಈ ಮಾತನ್ನು ಯಾರೂ ಹೇಳಿರಲಿಲ್ಲ. ಹಳೆಯ ಫೋಲಿಯೊ, ವಯಸ್ಸಾದ ಹೂಡಿಕೆದಾರ ಎಂದ ಕೂಡಲೇ ಹೇಳಬೇಕಾದ ಮೊದಲ ಮಾತೇ ಇದು. ನನ್ನ ಒಂದು ದಿನ ಹಾಳಾಯಿತು. ಎರಡನೆಯ ಸಲ ಹೋದಾಗ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು, ಸ್ವೀಕೃತಿಗೆ ಮೊಹರು ಬಿತ್ತು. ಮೊಹರು ನೇರವಾಗಿ, ದಿನಾಂಕ ಓದುವಂತೆ ಬಿದ್ದಿತ್ತು. ಇದು ಸಣ್ಣ ವಿಷಯವಲ್ಲ. ಕೌಂಟರಿಗೆ ಐದರಲ್ಲಿ ಮೂರು, ಆ ಹುಡುಗಿಯ ತಾಳ್ಮೆಗೆ ಇನ್ನೊಂದು ಅರ್ಧ.

ಕೆಲವು ದಿನಗಳ ಬಳಿಕ ಒಂದು ಸಂಜೆ ಏಜೆಂಟರ ಫೋನ್ ಬಂತು. ಮೊಬೈಲ್ ಸಂಖ್ಯೆ ಬದಲಾದ ಸಂದೇಶ ಹಳೆಯ ಸಂಖ್ಯೆಗೂ ಹೋಗಿತ್ತು. "ಸರ್, ನಿಮ್ಮ ಖಾತೆಯಲ್ಲಿ ಯಾರೋ ಏನೋ ಮಾಡಿದ ಹಾಗಿದೆ" ಎಂದರು ಗಾಬರಿಯಿಂದ. "ಹೌದು, ಯಾರೋ ಅಲ್ಲ, ನಾನೇ" ಎಂದೆ.

ಇನ್ನು ಜಾಲತಾಣ. ಎರಡೂ ನೋಂದಣಿ ಸಂಸ್ಥೆಗಳು ಸೇರಿ 2021ರಲ್ಲಿ ಆರಂಭಿಸಿದ ಎಂಎಫ್ ಸೆಂಟ್ರಲ್ ಅನ್ನು ಬಳಸಿದೆ. ಪ್ಯಾನ್ ಸಂಖ್ಯೆ, ಮೊಬೈಲ್, ಒಟಿಪಿ. ಬೇರೆ ಬೇರೆ ಕಂಪನಿಗಳ ಫೋಲಿಯೊಗಳು ಒಂದೇ ಕಡೆ ಬಂದು ಕುಳಿತವು. ಕಿರಿಯ ಮಗಳು ಭಾನುವಾರ ಮಂಗಳೂರಿನಿಂದ ಬಂದಿದ್ದಳು, ಲ್ಯಾಪ್‌ಟಾಪ್ ಅವಳದ್ದು. ತೊಂದರೆ ಕೊಟ್ಟದ್ದು ಜಾಲತಾಣವಲ್ಲ, ನಮ್ಮ ಗುಡ್ಡ. ಮನೆಯೊಳಗೆ ವೈಫೈ ಇದೆ, ಮೊಬೈಲಿಗೆ ರೇಂಜ್ ಸಿಗುವುದು ಅಡಿಕೆ ಒಣಗಿಸುವ ಅಂಗಳದ ತುದಿಯಲ್ಲಿ, ಹಲಸಿನ ಮರದ ಬುಡದಲ್ಲಿ. ಹಾಗಾಗಿ ನಾನು ಮೊಬೈಲ್ ಹಿಡಿದು ಮರದ ಬುಡದಲ್ಲಿ ನಿಲ್ಲುವುದು, ಒಟಿಪಿ ಬಂದ ಕೂಡಲೇ ಅಂಕೆಗಳನ್ನು ಕೂಗುವುದು, ಜಗಲಿಯಿಂದ ಹೆಂಡತಿ ಅದನ್ನು ಒಳಗೆ ದಾಟಿಸುವುದು, ಮಗಳು ಒತ್ತುವುದು. ಮೊದಲ ಸಲ 'ಏಳು' ಎಂದದ್ದು 'ಏನು?' ಎಂದು ಕೇಳಿಸಿ ಸಮಯ ಮೀರಿತು. ಒಟಿಪಿಯನ್ನು ಯಾರಿಗೂ ಹೇಳಬೇಡಿ ಎಂದು ಆ ಸಂದೇಶದಲ್ಲೇ ಇರುತ್ತದೆ. ನಾವು ಅದನ್ನು ಇಡೀ ಎಣ್ಮಕಜೆ ಪಂಚಾಯತಿಗೆ ಕೇಳುವಂತೆ ಹೇಳಿದೆವು.

ನಾಮಿನಿಯ ಪುಟದಲ್ಲಿ ಹೆಸರು, ಸಂಬಂಧ, ಪಾಲಿನ ಶೇಕಡಾ, ಮೊಬೈಲ್, ಇಮೇಲ್, ಜೊತೆಗೆ ಒಂದು ಗುರುತಿನ ಸಂಖ್ಯೆ ಬೇಕು. ಪ್ಯಾನ್ ಕೊಡಬಹುದು, ಇಲ್ಲವೇ ಆಧಾರ್‌ನ ಕೊನೆಯ ನಾಲ್ಕು ಅಂಕೆ. ನಾಮಿನಿ ಅಪ್ರಾಪ್ತ ವಯಸ್ಸಿನವರಾದರೆ ಹುಟ್ಟಿದ ದಿನಾಂಕವೂ ಬೇಕು. ಮೊದಲೆಲ್ಲ ಒಂದು ಫೋಲಿಯೊಗೆ ಮೂವರು ನಾಮಿನಿಗಳು ಮಾತ್ರ. ಷೇರು, ಫಂಡ್ ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2025ರ ಜನವರಿ 10ರ ಸುತ್ತೋಲೆಯಲ್ಲಿ ಅದನ್ನು ಹತ್ತಕ್ಕೆ ಏರಿಸಿದೆ. ಹತ್ತು ಮಂದಿ! ಅಡಿಕೆ ಸುಲಿಯಲು ಬರುವವರನ್ನು ಸೇರಿಸಿದರೂ ನನ್ನ ಬಳಿ ಅಷ್ಟು ಜನರಿಲ್ಲ.

ನಮ್ಮದು ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳು, ಮೂರು ಸಮಪಾಲು. ಆದರೆ ಒಟ್ಟು ಮೊತ್ತ ಸರಿಯಾಗಿ ನೂರು ಆಗಬೇಕು. 33.33ನ್ನು ಮೂರು ಸಲ ಬರೆದರೆ 99.99. ಯಾರಾದರೊಬ್ಬರಿಗೆ 33.34 ಬರೆಯಲೇಬೇಕು. "ಅಕ್ಕನಿಗೆ ಬರೆಯಿರಿ" ಎಂದಳು ಕಿರಿಯವಳು. ಮಸ್ಕತ್‌ನಿಂದ ವಿಡಿಯೊ ಕರೆಯಲ್ಲಿದ್ದ ಅಕ್ಕ, "ನನಗೆ ಬೇಡ, ಅಮ್ಮನಿಗೆ ಹಾಕಿ" ಎಂದಳು. ಹೆಂಡತಿ, "ಆ ಬಿಂದುವಿನ ಪಕ್ಕದ್ದು ಎಷ್ಟು ರೂಪಾಯಿ ಆಗುತ್ತದೆ, ಅದನ್ನು ಹೇಳಿ ಮೊದಲು" ಎಂದಳು. ಸುಮಾರು ಆರು ಲಕ್ಷಕ್ಕೆ ಲೆಕ್ಕ ಹಾಕಿದೆ, ಅರವತ್ತು ರೂಪಾಯಿ. "ಹಾಗಾದರೆ ನನಗೇ ಇರಲಿ" ಎಂದು ಅಡುಗೆಮನೆಗೆ ಹೋದಳು.

ಹೆಸರಿನ ಕಾಗುಣಿತಕ್ಕೆ ಮಾತ್ರ ಒಂದು ಗಂಟೆ ಹೋಯಿತು, ಹೋಗಲೇಬೇಕಿತ್ತು. ಮನೆಮಾತು ಒಂದು, ಕಲಿತದ್ದು ಕನ್ನಡ, ಆಧಾರ್ ಕಾರ್ಡಿನಲ್ಲಿ ಮಲಯಾಳಂ, ಫಾರಂ ತುಂಬುವುದು ಇಂಗ್ಲಿಷಿನಲ್ಲಿ. ನಮ್ಮ ಕಾಸರಗೋಡಿನವರ ಹೆಸರು ಇಷ್ಟು ಕಡೆ ಪ್ರಯಾಣ ಮಾಡಿ ಬರುವಾಗ ದಾರಿಯಲ್ಲಿ ಏನಾದರೂ ಬೀಳಿಸಿಕೊಂಡೇ ಬರುತ್ತದೆ. ಹೆಂಡತಿಯ ಹೆಸರಿನ 'ತಿ' ಪ್ಯಾನ್‌ನಲ್ಲಿ 'ಹೆಚ್' ಇಲ್ಲದೆ, ಆಧಾರ್‌ನಲ್ಲಿ 'ಹೆಚ್' ಸಮೇತ ಇತ್ತು. ಇನಿಶಿಯಲ್ ಒಂದರಲ್ಲಿ ಮುಂದೆ, ಒಂದರಲ್ಲಿ ಹಿಂದೆ. ಹಳೆಯ ಫೋಲಿಯೊ ಒಂದರಲ್ಲಿ ಎರಡೂ ಅಲ್ಲದ ಮೂರನೆಯ ರೂಪ. ನಾನಿಲ್ಲದ ದಿನ ಅವಳು ಮರಣ ಪ್ರಮಾಣಪತ್ರ, ತನ್ನ ಪ್ಯಾನ್, ಕೆವೈಸಿ, ಬ್ಯಾಂಕ್ ವಿವರ ಹಿಡಿದು ಹೋಗಿ ನಿಂತಾಗ ಕೌಂಟರಿನವರು ನೋಡುವುದು ಇದನ್ನೇ. ಆರೂ ಫೋಲಿಯೊಗಳಲ್ಲಿ ಪ್ಯಾನ್‌ನಲ್ಲಿ ಇರುವ ಹಾಗೆಯೇ ಬರೆಸಿದೆ. ಆಧಾರ್‌ನ 'ಹೆಚ್' ತೆಗೆಸುವ ಕೆಲಸ ಅಕ್ಷಯ ಕೇಂದ್ರದವರಿಗೆ ವಹಿಸಿದ್ದೇನೆ.

ಬದಲಾವಣೆ ಪ್ರತಿ ಫೋಲಿಯೊಗೂ ಬೇರೆ ಬೇರೆಯಾಗಿಯೇ ಆಗಬೇಕು. ಒಂದರಲ್ಲಿ ಬದಲಿಸಿದರೆ ಉಳಿದವು ತಾವಾಗಿ ಬದಲಾಗುವುದಿಲ್ಲ. ಹೊಸ ನಾಮನಿರ್ದೇಶನ ಹಳೆಯದನ್ನು ಪೂರ್ತಿಯಾಗಿ ಅಳಿಸುತ್ತದೆ, ಆದ್ದರಿಂದ ಒಬ್ಬರನ್ನು ಸೇರಿಸುವುದಾದರೂ ಇರುವವರ ಹೆಸರನ್ನೂ ಮತ್ತೆ ಬರೆಯಬೇಕು. ಯೂನಿಟ್‌ಗಳು ಷೇರುಗಳನ್ನು ಇಡುವ ಡಿಮ್ಯಾಟ್ ಖಾತೆಯಲ್ಲಿದ್ದರೆ ಇದ್ಯಾವುದೂ ಅನ್ವಯವಾಗುವುದಿಲ್ಲ, ಅಲ್ಲಿ ಡಿಮ್ಯಾಟ್ ಖಾತೆಯ ನಾಮಿನಿಯೇ ನಾಮಿನಿ. ಕಾಗದದ ಅರ್ಜಿಯಾದರೆ ಸಹಿಗೆ ಸಾಕ್ಷಿ ಬೇಡ, ಹೆಬ್ಬೆಟ್ಟು ಒತ್ತುವವರಿಗೆ ಮಾತ್ರ ಇಬ್ಬರು ಸಾಕ್ಷಿಗಳು ಬೇಕು.

ಜಾಲತಾಣಕ್ಕೆ ಐದರಲ್ಲಿ ನಾಲ್ಕೂವರೆ. ನಿಮ್ಮ ಮೊಬೈಲ್, ಇಮೇಲ್ ಸರಿಯಿದ್ದರೆ ಕಾಫಿ ಆರುವುದರೊಳಗೆ ಕೆಲಸ ಮುಗಿಯುತ್ತದೆ. ನನಗೆ ಮೂರು ವಾರ ಹಿಡಿದದ್ದು ಆ 'ಸರಿಯಿದ್ದರೆ' ಎಂಬ ಮಾತಿಗೆ.

ಆ ಉಳಿದ ಅರ್ಧ ಅಂಕ ಕಡಿದದ್ದು ಈ ಜಾಲತಾಣದ ತಪ್ಪಿಗಲ್ಲ, ಇಡೀ ವ್ಯವಸ್ಥೆಯ ಮೇಲಿನ ನನ್ನ ತಕರಾರಿಗೆ. 2022ರ ಅಕ್ಟೋಬರ್‌ನಿಂದ ಹೊಸದಾಗಿ ಹೂಡುವವರು ನಾಮಿನಿಯ ಹೆಸರು ಕೊಡಬೇಕು, ಇಲ್ಲವೇ ಬೇಡವೆಂದು ಬರೆದುಕೊಡಬೇಕು ಎಂದಾಯಿತು. ಹಳಬರಿಗೂ ಗಡುವು ಬಂತು, ಮುಂದೆ ಹೋಯಿತು, ಮತ್ತೆ ಮುಂದೆ ಹೋಯಿತು. ಕೊನೆಗೆ 2024ರ ಜೂನ್‌ನಲ್ಲಿ, ನಾಮಿನಿ ಇಲ್ಲವೆಂದು ಹಳೆಯ ಫೋಲಿಯೊಗಳನ್ನು ಸ್ಥಗಿತಗೊಳಿಸುವುದಿಲ್ಲ ಎಂದು ಸೆಬಿ ಹೇಳಿತು. ಈ ಗಲಾಟೆಯ ಕಾಲದಲ್ಲೆಲ್ಲ ಅಮ್ಮನ ಹೆಸರಿದ್ದ ಫೋಲಿಯೊಗಳ ಬಗ್ಗೆ ನನಗೆ ಒಂದೂ ಎಚ್ಚರಿಕೆ ಬರಲಿಲ್ಲ. ಬರುವುದಾದರೂ ಹೇಗೆ? ದಫ್ತರದ ಲೆಕ್ಕದಲ್ಲಿ ಕಾಲಂ ತುಂಬಿದೆ. ಖಾಲಿ ಕಾಲಂ ಯಂತ್ರಕ್ಕೆ ಕಾಣುತ್ತದೆ, ಸತ್ತವರ ಹೆಸರು ಕಾಣುವುದಿಲ್ಲ. ವರ್ಷಕ್ಕೊಮ್ಮೆ 'ನಿಮ್ಮ ನಾಮಿನಿ ಇಂಥವರು, ಸರಿಯೇ?' ಎಂದು ಕೇಳುವ ಒಂದು ಸಾಲಿನ ಸಂದೇಶ ನನಗೆ ಬಂದಿದ್ದರೆ ಈ ಬರಹವೇ ಬೇಕಾಗುತ್ತಿರಲಿಲ್ಲ. ನಮ್ಮ ಕೌಂಟರಿನಲ್ಲಿ ನಾನೂ ಹಾಗೆ ಕೇಳಿದವನಲ್ಲ ಎಂಬುದು ಬೇರೆ ಮಾತು.

ಹೆಂಡತಿಗೆ ಇನ್ನೊಂದು ಸಂಶಯ ಇತ್ತು. "ಮೂವರ ಹೆಸರು ಬರೆದಾಯಿತಲ್ಲ, ಇನ್ನು ವೀಲುನಾಮೆ ಬೇಡವೇ?" ಬೇಕು. ನಾಮಿನಿ ಎಂದರೆ ಹಣವನ್ನು ಕೈಗೆ ತೆಗೆದುಕೊಳ್ಳುವವರು, ಹಕ್ಕುದಾರರು ಅವರೇ ಆಗಬೇಕೆಂದಿಲ್ಲ. ಕಂಪನಿ ಷೇರುಗಳ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಇದನ್ನೇ ಹೇಳಿದೆ. ವೀಲುನಾಮೆಯಿದ್ದರೆ ಅದರ ಪ್ರಕಾರ, ಇಲ್ಲದಿದ್ದರೆ ವಾರಸುದಾರಿಕೆಯ ಕಾನೂನಿನ ಪ್ರಕಾರ ಹಣ ಹಂಚಿಹೋಗಬೇಕು. ಇದನ್ನು ಹೇಗೆ ಹೇಳಲಿ ಎಂದು ಯೋಚಿಸಿ, "ಮನಿಯಾರ್ಡರ್ ತಂದುಕೊಡುವ ಪೋಸ್ಟ್‌ಮ್ಯಾನ್ ಇದ್ದ ಹಾಗೆ" ಎಂದೆ. "ಹಾಗಾದರೆ ನಾವು ಮೂವರೂ ಪೋಸ್ಟ್‌ಮ್ಯಾನ್‌ಗಳು" ಎಂದಳು. ನಮ್ಮಲ್ಲಿ ನಾಮಿನಿಗಳೂ ವಾರಸುದಾರರೂ ಅವರೇ ಆಗಿರುವುದರಿಂದ ಜಗಳಕ್ಕೆ ಜಾಗವಿಲ್ಲ. ಅಣ್ಣನ ಮಗನನ್ನೋ ಅಳಿಯನನ್ನೋ ನಾಮಿನಿ ಮಾಡಿದವರು ಯೋಚಿಸಬೇಕು.

ಎರಡು ದಿನ ಕಳೆದು ಹೊಸ ವಿವರಪಟ್ಟಿ ತರಿಸಿದೆ. ಆರು ಫೋಲಿಯೊ, ಆರರಲ್ಲೂ ಮೂರು ಹೆಸರು. ಮುದ್ರಿಸಿ, ಹಳೆಯದರ ಜೊತೆ ಸೂಜಿಯಿಂದ ಪೋಣಿಸಿ ಪೆಟ್ಟಿಗೆಯಲ್ಲಿ ಇಡುವಾಗ ಹೆಂಡತಿ ಹಿಂದೆ ಬಂದು ನಿಂತಳು.

"ನನ್ನದೂ ಒಂದು ಇತ್ತಲ್ಲ, ಕೇಳಿದಿರಾ? ಅದೇ ಏಜೆಂಟರ ಕೈಯಲ್ಲಿ ಮಾಡಿಸಿದ್ದು."

ಹುಡುಕಿದೆ, ಸಿಕ್ಕಿತು. 2011ರದ್ದು. ನಾಮಿನಿಯ ಕಾಲಂನಲ್ಲಿ ಅವಳ ಅಣ್ಣನ ಹೆಸರಿತ್ತು. ನನ್ನ ಹೆಸರು ಯಾಕಿಲ್ಲ ಎಂದು ಕೇಳಿದೆ. ಆ ವರ್ಷ ನಾನು ತೋಟಕ್ಕೆಂದು ಸಾಲ ತೆಗೆದಿದ್ದನ್ನು ನೆನಪಿಸಿ, "ಆಗ ನಿಮ್ಮ ಲೆಕ್ಕಾಚಾರದ ಮೇಲೆ ನನಗೆ ಅಷ್ಟು ಭರವಸೆ ಇರಲಿಲ್ಲ" ಎಂದಳು.

ಮೊಬೈಲ್ ಸಂಖ್ಯೆ ಏಜೆಂಟರದ್ದೇ ಇದೆ. ಬರುವ ಮಂಗಳವಾರ ಇಬ್ಬರೂ ಮಂಗಳೂರಿಗೆ ಹೋಗುವವರಿದ್ದೇವೆ. ಅವಳ ಸಹಿಯನ್ನು ಬ್ಯಾಂಕಿನಲ್ಲಿ ಮೊದಲೇ ದೃಢೀಕರಿಸಿ ಇಟ್ಟಾಗಿದೆ.